ಹಳೆಯ ಪತ್ತೇದಾರಿ ಮುಖಪುಟ, ಕೊಡಗಿನ ಗೋಡೆ: ಮೂಲಪ್ರತಿ, ಲೇಸರ್, ಇಂಕ್‌ಜೆಟ್, ಸ್ಕ್ರೀನ್ ಹೋಲಿಕೆ

ಪಿಸ್ತೂಲು ಹಿಡಿದ ಕೈ, ಬಾಗಿಲ ಸಂದಿಯಲ್ಲೊಂದು ನೆರಳು, ಓರೆಯಾಗಿ ಬರೆದ ದಪ್ಪ ಕೆಂಪಕ್ಷರ. ಹಳೆಯ ಪತ್ತೇದಾರಿ ಕಾದಂಬರಿಯ ಮುಖಪುಟ ದೂರದಿಂದಲೇ ಕರೆಯುತ್ತದೆ. ಹತ್ತಿರ ಹೋಗಿ ಭೂತಗನ್ನಡಿ ಹಿಡಿದರೆ ಬೇರೆಯದೇ ಸೊಗಸು: ಕೆನ್ನೆಯ ಬಣ್ಣವೆಲ್ಲ ಕೆಂಪು-ಹಳದಿ ಚುಕ್ಕೆಗಳು, ತುಟಿಯ ಕೆಂಪು ಗೆರೆ ದಾಟಿ ಅರ್ಧ ಮಿಲಿಮೀಟರ್ ಆಚೆ ಸರಿದಿರುತ್ತದೆ, ಖಾಲಿ ಜಾಗದಲ್ಲಿ ಕಾಗದದ ಕೆನೆಬಣ್ಣ ಇಣುಕುತ್ತದೆ. ಈ ಚಿತ್ರಗಳ ಜೀವ ಇರುವುದು ಅಚ್ಚುಮನೆ ಬಿಟ್ಟ ಇಂಥ ಗುರುತುಗಳಲ್ಲೇ ಎಂಬುದು ನಮ್ಮ ನಂಬಿಕೆ. ಹಾಗಾಗಿ ಗೋಡೆಗೆ ಹಾಕುವ ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಎರಡೇ ಪ್ರಶ್ನೆ ಕೇಳಿದೆವು. ಆ ಚುಕ್ಕೆ ಉಳಿಯಿತೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಡಗಿನ ಮಳೆಯನ್ನು ತಡೆಯಿತೇ?

ಮೂಲಪ್ರತಿಗೇ ಗಾಜಿನ ಕಟ್ಟು ಹಾಕಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನೋಟಕ್ಕೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಬಿಸಿಲಿಗೆ ಮೊದಲು ಹೋಗುವುದು ಕೆಂಪು ಮತ್ತು ಹಳದಿ. ಕೊನೆಗೆ ನೀಲಿ, ಕಪ್ಪು ಮಾತ್ರ ಉಳಿದ ಪೇಲವ ಚಿತ್ರ ಸಿಗುತ್ತದೆ. ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟಿಗೆ ದಾರಿಯಾಗುತ್ತದೆ, ಮಡಿಕೇರಿ, ಭಾಗಮಂಡಲದ ಕಕ್ಕಡದಲ್ಲಿ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಅದು ದಿನವೂ ದಾಟುತ್ತದೆ. ಗಾಜಿಗೆ ತಾಗಿಸಿ ಕಟ್ಟು ಹಾಕಿದ್ದರೆ ಹೊಳಪಿನ ಮುಖಪುಟ ಗಾಜಿಗೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣ ಗಾಜಿನ ಮೇಲೆ ಉಳಿಯುತ್ತದೆ. ಹಿಂದೆ ಹಾಕುವ ಹಾರ್ಡ್‌ಬೋರ್ಡಿನ ಆಮ್ಲ ನಿಧಾನಕ್ಕೆ ಕಾಗದಕ್ಕೆ ಇಳಿದು ಕಂದು ಕಲೆ ಮೂಡಿಸುತ್ತದೆ.

ಮೂಲಪ್ರತಿಯೇ ಬೇಕೆಂದರೆ ಆಮ್ಲರಹಿತ ಮೌಂಟ್ ಬೋರ್ಡಿನಿಂದ ಗಾಜಿಗೂ ಚಿತ್ರಕ್ಕೂ 3ರಿಂದ 4 ಮಿ.ಮೀ. ಅಂತರ ಕೊಡಿಸಿ. ನೈಋತ್ಯದ ಮಳೆ ಬಡಿಯುವ ಹೊರಗೋಡೆ ಬೇಡ, ಮನೆಯೊಳಗಿನ ಅಡ್ಡಗೋಡೆ ಇರಲಿ. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ರಬ್ಬರ್ ತುಂಡು ಅಂಟಿಸಿದರೆ ಗೋಡೆಯಿಂದ ಸುಮಾರು ಒಂದು ಸೆಂಟಿಮೀಟರ್ ದೂರ ನಿಂತು ಗಾಳಿ ಆಡುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿ ಬೈಂಡರುಗಳಲ್ಲಿತ್ತು. ತೋಟದ ಮನೆಗಳಲ್ಲಿ ಮೈಲುತುತ್ತ ಕೈಗೆಟುಕುವಲ್ಲೇ ಇರುತ್ತದೆ, ಆದರೂ ಬೇಡ. ತಾಮ್ರದ ಅಂಶ ಕಾಗದವನ್ನು ಬೇಗ ಪುಡಿಯಾಗಿಸುತ್ತದೆ. ಬಿಸಿ ಲ್ಯಾಮಿನೇಷನ್ ಅಂತೂ ಕೂಡದು. ಒಮ್ಮೆ ಮಾಡಿದರೆ ಬಿಡಿಸಲಾಗದು, ಅಂಚು ಕತ್ತರಿಸಿದಲ್ಲಿ ನೀರು ಒಳಗೆ ಹತ್ತುತ್ತದೆ.

ಇಷ್ಟೆಲ್ಲ ಮಾಡಿದರೂ ಮೂಲಪ್ರತಿಯ ಜಾಗ ಪೆಟ್ಟಿಗೆಯೇ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರಿನಲ್ಲಿಟ್ಟು (ಪಿವಿಸಿ ಬೇಡ, ಅದು ಶಾಯಿಗೆ ಅಂಟುತ್ತದೆ) ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿ. ಈ ಕೆಲಸಕ್ಕೆ ಫೆಬ್ರವರಿಯ ಒಣಹವೆಯೇ ಸರಿ. ಜುಲೈಯಲ್ಲಿ ಮುಚ್ಚಿದರೆ ತೇವಕ್ಕೇ ಬೀಗ ಹಾಕಿದಂತೆ. ಜೆಲ್‌ನ ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಎರಡು-ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಅಡುಗೆಮನೆಯ ಅಟ್ಟದಲ್ಲಿ ಬೂಷ್ಟು ಕಡಿಮೆ ನಿಜ, ಆದರೆ ಒಲೆಯ ಹೊಗೆ ಕಾಗದವನ್ನು ಮಸಿ ಹಿಡಿಸಿ ಹಳದಿ ಮಾಡುತ್ತದೆ.

ಜೆರಾಕ್ಸ್ ಅಂಗಡಿಯ ಕಲರ್ ಲೇಸರ್ ಅಗ್ಗ, ತೇವಕ್ಕೆ ಬಣ್ಣ ಹರಡುವುದಿಲ್ಲ. ಆದರೆ ಟೋನರಿನ ಮೇಣದಂಥ ಹೊಳಪು ಹಳೆಯ ಅಚ್ಚಿನ ಮಂಕನ್ನು ಕೊಲ್ಲುತ್ತದೆ, ಯಂತ್ರದ ಚುಕ್ಕೆ ಮೂಲದ ಚುಕ್ಕೆಯ ಮೇಲೆ ಕೂತು ಕಸಿವಿಸಿಯಾಗುತ್ತದೆ. ಒಂದು ದಿನದ ಕಾರ್ಯಕ್ರಮಕ್ಕೆ ಸಾಕು.

ನಮ್ಮ ಮತ ಪಿಗ್ಮೆಂಟ್ ಇಂಕ್‌ಜೆಟ್‌ಗೆ, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿಯ ಶಾಯಿಗೆ. ಇಲ್ಲಿ ಮುಕ್ಕಾಲು ಕೆಲಸ ಸ್ಕ್ಯಾನಿಂಗಿನದು. ಕ್ರೌನ್ 1/8 ಅಳತೆಯ ಪುಸ್ತಕ ಸುಮಾರು 5x7.5 ಇಂಚು. ಅದನ್ನು ಎ3ಗೆ ಹಿಗ್ಗಿಸಿದರೆ 2.2 ಪಟ್ಟು, ಅಂದರೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸ್ಕ್ಯಾನ್ ಮುದ್ರಣದಲ್ಲಿ 270ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟು ಸಾಕು. ಎ2 ಬೇಕಿದ್ದರೆ 1200ರಲ್ಲಿ ತೆಗೆಯಿರಿ. 150–200ರಲ್ಲಿ ತೆಗೆದರೆ ಸ್ಕ್ಯಾನರಿನ ಜಾಲರಿಯೂ ಅಚ್ಚಿನ ಚುಕ್ಕೆಯೂ ಡಿಕ್ಕಿಯಾಗಿ ಅಲೆಅಲೆಯಾದ ಪಟ್ಟೆ ಏಳುತ್ತದೆ. ಅದನ್ನು ಅಡಗಿಸಲು ಅಂಗಡಿಯವರು ‘ಡಿಸ್ಕ್ರೀನ್’ ಒತ್ತುತ್ತಾರೆ, ಪಟ್ಟೆಯ ಜೊತೆ ಚುಕ್ಕೆಯೂ ಕರಗಿ ಮುಖ ಮೇಣದ ಬೊಂಬೆಯಾಗುತ್ತದೆ. ಡಿಸ್ಕ್ರೀನ್, ಆಟೋ ಕಲರ್, ಶಾರ್ಪನಿಂಗ್ ಮೂರನ್ನೂ ಆಫ್ ಮಾಡಲು ಹೇಳಿ. ಮುಖಪುಟದ ಹಿಂದೆ ಕಪ್ಪು ಹಾಳೆ ಇಟ್ಟರೆ ಒಳಬದಿಯ ಅಕ್ಷರ ಇಣುಕುವುದಿಲ್ಲ. ಪುಸ್ತಕದ ಬೆನ್ನನ್ನು ಒತ್ತಬೇಡಿ, ತುಕ್ಕು ಹಿಡಿದ ಪಿನ್ನಿನ ಸುತ್ತ ಕಾಗದ ಮುರಿಯುತ್ತದೆ. ಕೆನೆಬಣ್ಣವನ್ನು ಬಿಳಿ ಮಾಡುವ ಆಸೆ ಬಿಡಿ. ಹೊಸ ಚಿತ್ರಕ್ಕೆ ಹಳತನ ಹಚ್ಚುವ ಫಿಲ್ಟರ್ ಕೂಡ ನಮಗೆ ಒಗ್ಗದು: ಅದು ಎಲ್ಲೆಡೆ ಒಂದೇ ಹಳದಿ ಬಳಿಯುತ್ತದೆ, ನಿಜವಾದ ಕಾಗದ ಅಂಚಿನಿಂದ ಒಳಕ್ಕೆ ಹಣ್ಣಾಗುತ್ತದೆ.

ಮುದ್ರಣಕ್ಕೆ 200ರಿಂದ 300 ಜಿಎಸ್‌ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಹತ್ತಿನಾರಿನ ಮ್ಯಾಟ್ ಕಾಗದ. ನೀರಿನಲ್ಲಿ ಕರಗುವ ಡೈ ಶಾಯಿ ಬೇಡವೆಂದು ಮೊದಲೇ ಹೇಳಿ, ಮಳೆಗಾಲದ ತೇವಕ್ಕೆ ಅದರ ಗೆರೆಯಂಚು ಹರಡುತ್ತದೆ. ಮುದ್ರಿಸಿದ ಹಾಳೆ ಒಂದು ದಿನ ಆರಿದ ಮೇಲೆ ಕಟ್ಟು ಹಾಕಿಸಿ, ಇಲ್ಲವಾದರೆ ಗಾಜಿನ ಒಳಗೆ ಮಂಜು ಕೂರುತ್ತದೆ.

ಎರಡು-ಮೂರು ಬಣ್ಣದ ಲೈನ್ ಬ್ಲಾಕ್ (ಗೆರೆ, ಗಟ್ಟಿ ಬಣ್ಣಗಳ ಅಚ್ಚು) ಮುಖಪುಟವಾದರೆ ಮಾತ್ರ ಇಂಕ್‌ಜೆಟ್ ಸೋಲುತ್ತದೆ. ಬಟ್ಟೆಯ ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್ ಪ್ರಿಂಟಿನಲ್ಲಿ ಅದು ಕಾಗದದ ಮೇಲೆ ದಪ್ಪಗೆ ಕೂರುತ್ತದೆ, ಆ ಕೆಂಪಿಗೆ ಸಾಟಿಯಿಲ್ಲ. ಸೆಂಟಿಮೀಟರಿಗೆ 90 ಎಳೆಯ ಬಟ್ಟೆ, ಛಾಯೆ ಇದ್ದಲ್ಲಿ ಇಂಚಿಗೆ 45 ಸಾಲಿನ ಚುಕ್ಕೆ. ತಿಳಿಬಣ್ಣ ಮೊದಲು, ಕಪ್ಪು ಕೊನೆಗೆ. ಕಪ್ಪು ಗೆರೆಯ ಅಡಿಗೆ ಉಳಿದ ಬಣ್ಣ ಅರ್ಧ ಮಿ.ಮೀ. ನುಗ್ಗಿರಲಿ. ಆದರೆ ಇದು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕೆಲಸ. ಮಳೆಯಲ್ಲಿ ಎಮಲ್ಷನ್ (ಬಟ್ಟೆಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ಲೇಪ) ಪೂರ್ತಿ ಒಣಗದೆ, ಬೆಳಕಿಗೆ ಹಿಡಿದು ತೊಳೆಯುವಾಗ ಸಣ್ಣ ಚುಕ್ಕೆಗಳು ನೀರಿನೊಂದಿಗೇ ಹೋಗುತ್ತವೆ. ಒಂದು ಬಣ್ಣ ಆರುವಷ್ಟರಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತದೆ. ಎ2 ಹಾಳೆ ಅಡ್ಡಕ್ಕೆ ಒಂದು ಮಿ.ಮೀ.ವರೆಗೂ ಬೆಳೆಯಬಹುದು. ಹಿಂದಿನ ದಿನವೇ ಕಾಗದವನ್ನು ಅದೇ ಕೋಣೆಯಲ್ಲಿ ಹರಡಿಟ್ಟು, ಎಲ್ಲ ಬಣ್ಣವನ್ನೂ ಒಂದೇ ದಿನ ಹಾಕಿಸಿ. ಅರ್ಧ ಮಿಲಿಮೀಟರ್ ಸರಿದರೆ ಹಳೆಯ ಪುಸ್ತಕದ ಸೊಗಸು, ಎರಡು ಸರಿದರೆ ಕಣ್ಣು ನೋಯುತ್ತದೆ. ಮಡಿಕೇರಿಗಿಂತ ಒಣಗಿರುವ ಕುಶಾಲನಗರದ ಕಡೆ, ಮದುವೆ ಕಾಗದ ಅಚ್ಚು ಹಾಕುವವರು ಸಿಕ್ಕರೆ ಒಳ್ಳೆಯದು.

ಹೋಂಸ್ಟೇ ಗೋಡೆಗೆ ಹಾಕುವವರು, ಪ್ರತಿ ಮಾರುವವರು ಹಕ್ಕಿನ ವಿಚಾರ ಮೊದಲೇ ನೋಡಿಕೊಳ್ಳಿ. ನಮ್ಮ ಕಾಯ್ದೆಯಲ್ಲಿ ಚಿತ್ರದ ಹಕ್ಕು ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಪ್ರಕಾಶಕರನ್ನೋ ಕಲಾವಿದರ ಮನೆಯವರನ್ನೋ ಹುಡುಕಿ ಒಪ್ಪಿಗೆ ಪಡೆಯಿರಿ, ಕೆಳಗೆ ಚಿತ್ರ ಬರೆದ ಕಲಾವಿದರ ಹೆಸರು ಹಾಕಿಸಿ.