ಆಂಬುಲೆನ್ಸ್ ನಂಬರನ್ನು ನೆಟ್‌ನಲ್ಲಿ ಹುಡುಕಲು ಹೋಗಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ಓದಿದರೂ ಸಾಕು. ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ 108 ಒತ್ತಿ. ಅದು ಸಿಗದಿದ್ದರೆ 112. ಫೋನ್ ತೆಗೆದು ‘ಹತ್ತಿರದ ಆಂಬುಲೆನ್ಸ್’ ಅಂತ ಹುಡುಕಬೇಡಿ. ಹಾಗೆ ಹುಡುಕಿದ್ದರಿಂದಲೇ ನಮ್ಮ ದೊಡ್ಡಮ್ಮ ಸೊಂಟ ಮುರಿದುಕೊಂಡು ಮುಕ್ಕಾಲು ಗಂಟೆ ಬಚ್ಚಲಲ್ಲೇ ಬಿದ್ದಿರಬೇಕಾಯಿತು. ಮನೆಯ ದುಡ್ಡೂ ಹೋಯಿತು.

ದೊಡ್ಡಮ್ಮ ಇರುವುದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಬೆಳಗಿನ ಜಾವ ಬಚ್ಚಲಿಗೆ ಹೋದವರು ಜಾರಿ ಬಿದ್ದರು. ಹಬ್ಬಕ್ಕೆ ಅಂತ ನಾನೂ ಅಲ್ಲೇ ಇದ್ದೆ. ಅವರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಅಲ್ಲಾಡಿಸಲು ಹೋದರೆ ಕಿರುಚುತ್ತಿದ್ದರು. ಅವರ ಮಗ ಹೊರಗೆ ಫೋನ್‌ನಲ್ಲಿದ್ದ. ಕೇಳಿದಾಗಲೆಲ್ಲ “ಗಾಡಿ ಹೊರಟಿದೆಯಂತೆ ಅಕ್ಕಾ” ಅನ್ನುತ್ತಿದ್ದ.

ಆಮೇಲೆ ಗೊತ್ತಾಗಿದ್ದು ಇದು. ಅವನು ನೆಟ್‌ನಲ್ಲಿ ಹುಡುಕಿದಾಗ ಮೊದಲು ಕಂಡದ್ದು ಒಂದು ದೊಡ್ಡ ಆಸ್ಪತ್ರೆಯ ಹೆಸರು. ಹೆಸರು ನಿಜ, ಕೆಳಗಿದ್ದ ನಂಬರ್ ಮಾತ್ರ ಕಳ್ಳರದ್ದು. ಆ ಕಡೆಯವನು ತುಂಬಾ ಮೆತ್ತಗೆ ಮಾತಾಡಿದ್ದಾನೆ. ಅಮ್ಮನ ವಯಸ್ಸೆಷ್ಟು, ಪ್ರಜ್ಞೆ ಇದೆಯಾ, ಶುಗರ್ ಇದೆಯಾ ಅಂತೆಲ್ಲ ಕೇಳಿದ್ದಾನೆ. ಆಮೇಲೆ “ಡ್ರೈವರ್ ನಂಬರ್ ಬರಬೇಕು ಅಂದ್ರೆ 5 ರೂಪಾಯಿ ಟೋಕನ್ ಕಟ್ಟಬೇಕು ಸಾರ್” ಅಂದು ವಾಟ್ಸಾಪ್‌ಗೆ ಒಂದು ಫೈಲ್ ಕಳಿಸಿದ. ಹೆಸರಿನ ಕೊನೆಯಲ್ಲಿ ಎಪಿಕೆ (apk) ಅಂತಿರುತ್ತದಲ್ಲ, ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಸುವ ಫೈಲ್, ಆ ಥರದ್ದು. ಇನ್‌ಸ್ಟಾಲ್ ಮಾಡುವಾಗ ಫೋನೇ ಎಚ್ಚರಿಸಿತ್ತು. “ಅದು ಎಲ್ಲರಿಗೂ ಬರುತ್ತೆ, ಅಲೋ ಕೊಡಿ” ಅಂದ. ಆ್ಯಪ್ ಮೆಸೇಜ್ ಓದಲು ಅನುಮತಿ ಕೇಳಿತು, ಅದೂ ಸಿಕ್ಕಿತು. ಕಾರ್ಡ್ ವಿವರ ತುಂಬಿಸಿಕೊಂಡ ಮೇಲೆ ಅವನು ಹೇಳಿದ ಮಾತು ನೋಡಿ: “ಫೋನ್ ಇಡಬೇಡಿ ಸಾರ್, ಇಟ್ರೆ ಬುಕಿಂಗ್ ಕ್ಯಾನ್ಸಲ್ ಆಗುತ್ತೆ.”

ಇಡೀ ಮೋಸ ನಿಂತಿರುವುದು ಈ ಒಂದು ಮಾತಿನ ಮೇಲೆ. ಲೈನ್‌ನಲ್ಲಿ ಇದ್ದಷ್ಟು ಹೊತ್ತು ನಾವು 108ಕ್ಕೆ ಫೋನ್ ಮಾಡುವುದಿಲ್ಲ, ಬ್ಯಾಂಕಿನ ಮೆಸೇಜ್ ನೋಡುವುದಿಲ್ಲ. ಅಷ್ಟರಲ್ಲಿ ಆ ಆ್ಯಪ್ ನಮಗೆ ಬಂದ ಒಟಿಪಿಗಳನ್ನು ಅವರಿಗೆ ದಾಟಿಸುತ್ತಿರುತ್ತದೆ. ಮೂರ್ನಾಲ್ಕು ಕಂತಿನಲ್ಲಿ 38,000 ರೂಪಾಯಿ ಎಳೆದುಬಿಟ್ಟಿದ್ದರು.

ಕೊನೆಗೆ ಗಾಡಿ ತರಿಸಿದ್ದು ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ. ಗಲಾಟೆ ಕೇಳಿ ಬಂದವರು ತಮ್ಮ ಹಳೇ ಕೀಪ್ಯಾಡ್ ಫೋನ್‌ನಲ್ಲಿ 108 ಒತ್ತಿದರು, ಅಷ್ಟೇ. ಯಾರೂ ಟೋಕನ್ ಕೇಳಲಿಲ್ಲ. ಕೇಳುವುದೂ ಇಲ್ಲ, 2008ರಿಂದ ನಮ್ಮ ರಾಜ್ಯದಲ್ಲಿ ಇರುವ ಈ ಸೇವೆ ಪೂರ್ತಿ ಉಚಿತ. 108ರವರು ಮೊದಲು ಕೇಳಿದ್ದು ಜಿಲ್ಲೆ, ತಾಲ್ಲೂಕು. ಇದನ್ನು ನೆನಪಿಡಿ. ಗಾಬರಿಯಲ್ಲಿ ನಾವು ಬರೀ ಊರಿನ ಹೆಸರು ಹೇಳಿಬಿಡುತ್ತೇವೆ. ಹೊಸಹಳ್ಳಿ ಅಂದರೆ ಕರ್ನಾಟಕದಲ್ಲಿ ಎಷ್ಟಿವೆ ಹೇಳಿ! ತಾಲ್ಲೂಕು, ಹೋಬಳಿ, ಊರು, ಆಮೇಲೆ ಶಾಲೆಯೋ ಡೈರಿಯೋ ದೇವಸ್ಥಾನವೋ ಒಂದು ಗುರುತು ಹೇಳಿ. ಡ್ರೈವರ್ ವಾಪಸ್ ಫೋನ್ ಮಾಡುತ್ತಾರೆ, ಆ ಫೋನ್ ಬಿಡುವಾಗಿರಲಿ. ನೆಂಟರಿಗೆ ಸುದ್ದಿ ಹೇಳುವುದು ಬೇರೆ ಫೋನ್‌ನಲ್ಲಿ.

ದುಡ್ಡಿನ ವಿಷಯ. ದಾರಿಯಲ್ಲಿ ಬ್ಯಾಂಕ್ ಮೆಸೇಜ್ ಕಂಡ ಕೂಡಲೇ ತಮ್ಮನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದೆವು, ವೈಫೈ ಆಫ್ ಮಾಡಿದೆವು. ಆ್ಯಪ್ ಒಳಗೇ ಕೂತಿರುವಾಗ ಅದೇ ಫೋನ್‌ನಲ್ಲಿ ಪಾಸ್‌ವರ್ಡ್ ಬದಲಿಸುವುದು ಕಳ್ಳನ ಎದುರೇ ಬೀರುವಿನ ಕೀಲಿ ಬದಲಿಸಿದ ಹಾಗೆ. ನನ್ನ ಫೋನಿಂದ 1930ಕ್ಕೆ ಫೋನ್ ಮಾಡಿದೆವು, ಅದು ಸೈಬರ್ ಮೋಸದ ಸಹಾಯವಾಣಿ. ಆಮೇಲೆ ಬ್ಯಾಂಕಿಗೆ. ಈ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ಓಡುತ್ತಿರುತ್ತದೆ. 1930ಕ್ಕೆ ಎಷ್ಟು ಬೇಗ ಹೇಳುತ್ತೀರೋ ನಡುವೆ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ನಮ್ಮದರಲ್ಲಿ ಸ್ವಲ್ಪ ಭಾಗ ತಡೆಹಿಡಿದಿದ್ದಾರೆ, ಕೈಗೆ ಇನ್ನೂ ಬಂದಿಲ್ಲ. ಆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿದ ಮೇಲೆಯೇ ಮತ್ತೆ ಬಳಸಿದ್ದು.

ಊರಲ್ಲಿ ಕೆಲವರು “ಡಿಗ್ರಿ ಓದಿದವನಿಗೆ ಅಷ್ಟೂ ಗೊತ್ತಾಗಲ್ವಾ” ಅಂತ ತಮ್ಮನನ್ನೇ ಆಡಿಕೊಂಡರು. ನನಗೆ ಸಿಟ್ಟು ಬರುವುದು ಅದಕ್ಕೇ. ತಾಯಿ ಒಳಗೆ ನರಳುತ್ತಿರುವಾಗ ಯಾರ ತಲೆ ನೆಟ್ಟಗಿರುತ್ತದೆ? ಆ ಹೊತ್ತಿಗೇ ಕಾದು ಕೂತಿರುವ ಕಳ್ಳರು ಇವರು. ಜಾಹೀರಾತಿಗೆ ದುಡ್ಡು ಕೊಟ್ಟು ಮೇಲೆ ಬರುತ್ತಾರೆ. ಇನ್ನು ಮ್ಯಾಪ್‌ನಲ್ಲಿ ‘ಈ ನಂಬರ್ ತಪ್ಪು, ತಿದ್ದಿ’ ಅಂತ ಯಾರು ಬೇಕಾದರೂ ಸೂಚಿಸಬಹುದು, ಆ ದಾರಿಯಲ್ಲೂ ನುಸುಳುತ್ತಾರೆ. ನಿಮಗೆ ಬೇಕಾದ ಆಸ್ಪತ್ರೆಯ ನಂಬರನ್ನು ಅಲ್ಲಿಗೆ ಹೋದಾಗಲೇ ಚೀಟಿ ನೋಡಿ ಸೇವ್ ಮಾಡಿಕೊಳ್ಳಿ.

ಇನ್ನೊಂದು. ದೊಡ್ಡಮ್ಮ ಒಬ್ಬರೇ ಇದ್ದಿದ್ದರೆ? ಈಗ ಅವರ ಫೋನ್‌ನಲ್ಲಿ 112ಕ್ಕೆ ಕರೆ ಹೋಗುವ ತುರ್ತು ಗುಂಡಿ ಸರಿಮಾಡಿಕೊಟ್ಟಿದ್ದೇವೆ. 2017ರಿಂದ ಭಾರತದಲ್ಲಿ ಮಾರುವ ಫೋನ್‌ಗಳಲ್ಲಿ ಇದು ಇರಬೇಕು ಅಂತ ಸರ್ಕಾರದ ನಿಯಮವೇ ಇದೆ. ಕೀಪ್ಯಾಡ್ ಫೋನಾದರೆ 5 ಅಥವಾ 9 ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಾದರೆ ಪವರ್ ಬಟನ್ ಬೇಗಬೇಗ ಒತ್ತುವುದು. ಎಷ್ಟು ಸಲ ಅನ್ನುವುದು ಫೋನಿಂದ ಫೋನಿಗೆ ಬೇರೆ, ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಲಾಕ್ ಆದ ಫೋನ್‌ನಿಂದಲೂ ‘ತುರ್ತು ಕರೆ’ ಒತ್ತಿ 112ಕ್ಕೆ ಮಾತಾಡಬಹುದು, ಪಿನ್ ಬೇಕಿಲ್ಲ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಹಿಡಿದು ಹೋಗಬಹುದು. ಅಪ್ಪಿತಪ್ಪಿ ಕರೆ ಹೋದರೆ ಹೆದರಿ ಕಟ್ ಮಾಡಬೇಡಿ, “ತಪ್ಪಿ ಬಂತು, ತೊಂದರೆ ಏನಿಲ್ಲ” ಅನ್ನಿ.

ಇಂಥ ಕಳ್ಳ ನಂಬರ್ ಕಂಡು, ದುಡ್ಡು ಇನ್ನೂ ಹೋಗಿಲ್ಲದಿದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ದೂರು ಹಾಕಿ. ಹೋಗಿದ್ದರೆ 1930, ಅದೂ ಆ ಕ್ಷಣವೇ.