ಕೋರಲ್, ಅಡೋಬಿ, ಅಫಿನಿಟಿ: ಕರಾವಳಿಯ ಪ್ರಿಂಟಿಂಗ್ ಅಂಗಡಿಗೆ ಯಾವ ಚಂದಾ ಹೊಂದೀತು?

ಮಂಗಳೂರು, ಉಡುಪಿ ಕಡೆಯ ಫ್ಲೆಕ್ಸ್ ಅಂಗಡಿಗೆ ಡಿಸೈನ್ ಒಯ್ದರೆ ಕೇಳುವ ಮೊದಲ ಮಾತು "ಸಿಡಿಆರ್ ಉಂಡಾ?" ಅಂದರೆ ಕೋರಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನ ಫೈಲ್ ಇದೆಯಾ ಅಂತ. ಪಿಡಿಎಫ್ ಕೊಟ್ಟರೆ ಮುಖ ಸ್ವಲ್ಪ ಸಣ್ಣದಾಗುತ್ತದೆ. ಇದನ್ನು ಬ್ರ್ಯಾಂಡ್ ನಿಷ್ಠೆ ಅಂತ ಕರೆಯುವುದು ಸುಲಭ. ಆದರೆ ಕೋರಲ್ ಇಲ್ಲಿ ಬೇರೂರಿದ್ದಕ್ಕೆ ಗಟ್ಟಿ ಕಾರಣಗಳಿವೆ. ಕೋರಲ್‌ಡ್ರಾದ ಪುಟ 1800 ಇಂಚಿನವರೆಗೆ, ಅಂದರೆ 150 ಅಡಿಯವರೆಗೆ ಹೋಗುತ್ತದೆ. ಅದರ ಎದುರಾಳಿ, ಅಡೋಬಿ ಕಂಪನಿಯ ಇಲ್ಲಸ್ಟ್ರೇಟರ್‌ನ ಮಿತಿ ಬಹುಕಾಲ 227 ಇಂಚು, 19 ಅಡಿಗೂ ಕಮ್ಮಿ. ಕಂಬಳದ ದ್ವಾರಕ್ಕೆ 20 ಅಡಿ ಅಗಲದ ಬ್ಯಾನರ್ ಬೇಕಾದಾಗ ಕೋರಲ್‌ನಲ್ಲಿ ಇದ್ದ ಅಳತೆಗೇ ಕೂರಿಸಬಹುದಿತ್ತು. ಇಲ್ಲಸ್ಟ್ರೇಟರ್‌ನಲ್ಲಿ ಹತ್ತನೇ ಒಂದು ಅಳತೆಗೆ ಮಾಡಿ, ಪ್ರಿಂಟ್ ಕೊಡುವಾಗ ಸಾವಿರ ಪರ್ಸೆಂಟ್ ಹಾಕಬೇಕು. ಅದನ್ನು ಮೆಷಿನ್‌ನವನಿಗೆ ಹೇಳಲು ಮರೆತರೆ ಎರಡಡಿಯ ಬ್ಯಾನರ್ ಹೊರಗೆ ಬರುತ್ತದೆ. 2020ರಲ್ಲಿ ಇಲ್ಲಸ್ಟ್ರೇಟರ್‌ಗೆ ದೊಡ್ಡ ಕ್ಯಾನ್ವಾಸ್ ಬಂತು, ಈಗ 2270 ಇಂಚು. ಅಷ್ಟರಲ್ಲಿ ಇಲ್ಲಿನವರ ಕೈ ಪಳಗಿಯಾಗಿತ್ತು.

ಕೈ ಪಳಗುವುದೆಂದರೆ ಸಣ್ಣ ಸಂಗತಿಯಲ್ಲ. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರ ಕರ್ವ್ ಆಗುತ್ತದೆ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗುತ್ತದೆ. ಇಲ್ಲಸ್ಟ್ರೇಟರ್‌ನಲ್ಲಿ ಅದೇ ಒತ್ತಿದರೆ ಸಾಫ್ಟ್‌ವೇರೇ ಮುಚ್ಚಲು ಹೊರಡುತ್ತದೆ. (ಅಲ್ಲಿ ಕರ್ವ್ ಮಾಡಲು ಕಂಟ್ರೋಲ್ ಶಿಫ್ಟ್ ಓ.) ದಿನಕ್ಕೆ ನೂರು ಸಲ ಕ್ಯೂ ಒತ್ತಿದ ಬೆರಳನ್ನು ಬೇರೆ ಕಂಪನಿಗೆ ಒಗ್ಗಿಸುವ ಖರ್ಚನ್ನು ಯಾವ ದರಪಟ್ಟಿಯೂ ತೋರಿಸುವುದಿಲ್ಲ. ಕಂಪನಿಗಳು ದರ ಕಟ್ಟುವಾಗ ನೆಚ್ಚಿಕೊಳ್ಳುವುದು ಇದನ್ನೇ.

ಅಡೋಬಿ 2013ರ ಮೇ ತಿಂಗಳಲ್ಲಿ ಒಂದೇ ಸಲ ಕೊಳ್ಳುವ ಆವೃತ್ತಿಗಳಲ್ಲಿ ಸಿಎಸ್6 ಕೊನೆಯದು, ಇನ್ನು ಮುಂದೆ ಕ್ರಿಯೇಟಿವ್ ಕ್ಲೌಡ್ ಚಂದಾ ಮಾತ್ರ ಎಂದು ಘೋಷಿಸಿತು. ಕೋರಲ್ ಇನ್ನೂ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್ ಮಾರುತ್ತದೆ. ಆದರೆ ಹಳೆ ಆವೃತ್ತಿ ಇದ್ದವರಿಗೆ ಸಿಗುತ್ತಿದ್ದ ಅಗ್ಗದ ಅಪ್‌ಗ್ರೇಡ್ ನಿಂತುಹೋಗಿದೆ, ಹೊಸ ಸೌಲಭ್ಯಗಳು ಚಂದಾದಾರರಿಗೇ. ಆಮಂತ್ರಣ, ರಶೀದಿ ಪುಸ್ತಕ, ಫ್ಲೆಕ್ಸ್ ಇಷ್ಟೇ ಮಾಡುವ ಅಂಗಡಿಗೆ ಆ ಹೊಸ ಸೌಲಭ್ಯಗಳಲ್ಲಿ ಬೇಕಾದದ್ದು ಕಡಿಮೆ. ಲಕ್ಕಿ ಡ್ರಾ ಕೂಪನ್‌ಗೆ ನಂಬರ್ ಹೊಡೆಯುವ ಪ್ರಿಂಟ್ ಮರ್ಜ್ ಹಳೆ ಆವೃತ್ತಿಯಲ್ಲೂ ಇದೆ. ಐದು ವರ್ಷ ಅದೇ ಆವೃತ್ತಿಯಲ್ಲಿ ಕೂರುವ ಮನಸ್ಸಿದ್ದರೆ ಒಂದೇ ಸಲ ಕೊಳ್ಳುವುದು ಲಾಭ. ಕ್ರ್ಯಾಕ್ (ಕಳ್ಳ ಪ್ರತಿ) ಹಾಕಿದವರ ಲೆಕ್ಕ ಬೇರೆ: ಒಂದು ದಿನ "ನಿಮ್ಮ ಪ್ರಾಡಕ್ಟ್ ನಿಷ್ಕ್ರಿಯ" ಎಂಬ ಕಿಟಕಿ ಬಂದು ಸೇವ್, ಎಕ್ಸ್‌ಪೋರ್ಟ್, ಪ್ರಿಂಟ್ ಬಂದ್ ಆಗುತ್ತದೆ. ಬ್ರಹ್ಮಕಲಶೋತ್ಸವದ ಹಿಂದಿನ ವಾರ ಹಾಗಾದರೆ ಉಳಿಸಿದ ದುಡ್ಡೆಲ್ಲ ಒಂದೇ ಏಟಿಗೆ ಹೋಯಿತು.

ಅಡೋಬಿಯ ದರದಲ್ಲಿ ಎಡವುವ ಜಾಗ ಒಂದಿದೆ. "ವಾರ್ಷಿಕ, ತಿಂಗಳಿಗೊಮ್ಮೆ ಬಿಲ್" ಎಂಬ ಪ್ಲಾನ್ ತಿಂಗಳ ಚಂದಾದಂತೆ ಕಾಣುತ್ತದೆ, ಆದರೆ ಅದು ಒಂದು ವರ್ಷದ ಕರಾರು. ಮೊದಲ 14 ದಿನ ಕಳೆದ ಮೇಲೆ ಬಿಟ್ಟರೆ ಉಳಿದ ಕಂತುಗಳ ಅರ್ಧ ಮೊತ್ತ ಕಟ್ಟಬೇಕು. ತಿಂಗಳಿಗೆ ₹1000 ಎಂದಿಟ್ಟುಕೊಳ್ಳಿ; ನಾಲ್ಕು ತಿಂಗಳಾದ ಮೇಲೆ ಬಿಟ್ಟರೆ ಉಳಿದ ಎಂಟು ತಿಂಗಳ ₹8000ದಲ್ಲಿ ₹4000 ದಂಡ. ಈ ದಂಡವನ್ನು ಗ್ರಾಹಕರಿಂದ ಮುಚ್ಚಿಟ್ಟಿದೆ ಎಂದೇ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸಿನ ಮೇಲೆ ಅಮೆರಿಕದ ನ್ಯಾಯಾಂಗ ಇಲಾಖೆ 2024ರ ಜೂನ್‌ನಲ್ಲಿ ಕೇಸ್ ಹಾಕಿತು.

ನಮ್ಮ ಕರಾವಳಿಗೆ ಇದು ಇನ್ನೂ ಬಿಗಿ, ಯಾಕೆಂದರೆ ಇಲ್ಲಿನ ಕೆಲಸವೇ ಸೀಸನ್ನಿನದು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆವರೆಗೆ ಯಕ್ಷಗಾನ ಮೇಳಗಳ ಆಟ, ಕಂಬಳ, ದೈವದ ನೇಮ, ಮದುವೆ ಎಂದು ಉಸಿರಾಡಲು ಪುರುಸೊತ್ತಿಲ್ಲ. ಮಳೆ ಹಿಡಿದ ಮೇಲೆ ಅಷ್ಟಮಿ, ಚೌತಿಯವರೆಗೆ ಸಿಸ್ಟಮ್ ಖಾಲಿ. ಹಾಗಾಗಿ ಖಾಯಂ ಡಿಸೈನರ್ ಕೂರುವ ಮೊದಲ ಕಂಪ್ಯೂಟರಿಗೆ ವಾರ್ಷಿಕ ಪ್ಲಾನ್ ಸರಿ. ಸೀಸನ್ನಿಗೆಂದು ಕರೆಸಿದ ಹುಡುಗನ ಎರಡನೇ ಕಂಪ್ಯೂಟರಿಗೆ ನಿಜವಾದ ತಿಂಗಳ ಪ್ಲಾನ್ ತಗೊಳ್ಳಿ. ತಿಂಗಳ ಲೆಕ್ಕದಲ್ಲಿ ಅದು ದುಬಾರಿ, ಆದರೆ ಬಿಡುವಾಗ ದಂಡವಿಲ್ಲ. ಎರಡರ ದರವನ್ನೂ ಎದುರಿಗಿಟ್ಟು, ವಾರ್ಷಿಕದ ಹನ್ನೆರಡು ಕಂತಿನ ಮೊತ್ತವನ್ನು ತಿಂಗಳ ಪ್ಲಾನಿನ ದರದಿಂದ ಭಾಗಿಸಿ. ಎಂಟು ಬಂದರೆ, ಎಂಟು ತಿಂಗಳಿಗಿಂತ ಕಮ್ಮಿ ಬಳಸುವವರಿಗೆ ತಿಂಗಳ ಪ್ಲಾನೇ ಅಗ್ಗ. ಒಂದೇ ಐಡಿಯನ್ನು ಇಬ್ಬರಿಗೆ ಹಂಚುವ ಯೋಚನೆ ಬೇಡ. ಎರಡು ಕಂಪ್ಯೂಟರಿನಲ್ಲಿ ಸೈನ್ ಇನ್ ಆಗಿರಬಹುದು ನಿಜ, ಅದು ಒಬ್ಬನೇ ಮನುಷ್ಯನ ಬಳಕೆಗೆ.

ದರದ ಮೇಲೆ 18% ಜಿಎಸ್‌ಟಿ ಇದೆ. ಕೊಳ್ಳುವಾಗಲೇ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಪಡೆದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಕಟ್ಟಬೇಕಾದ ತೆರಿಗೆಯಲ್ಲಿ ಹಿಡಿಯಬಹುದು; ಸಣ್ಣ ವ್ಯಾಪಾರಿಗಳ ಸರಳ ತೆರಿಗೆಯಾದ ಕಂಪೋಸಿಷನ್ ಸ್ಕೀಮಿನವರಿಗೆ ಆ ಭಾಗ್ಯವಿಲ್ಲ, ಅವರು 18% ಸೇರಿಸಿಯೇ ಹೋಲಿಸಬೇಕು. ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ₹15,000 ಮಿತಿ ಇದೆ. ವರ್ಷದ ಮೊತ್ತ ಒಂದೇ ಸಲ ಕಟ್ಟುವ ಪ್ಲಾನ್ ಅದನ್ನು ಮೀರಿದರೆ ನವೀಕರಣದ ದಿನ ಮತ್ತೆ ಒಟಿಪಿ ಕೊಡಬೇಕು. ಮೆಸೇಜ್ ನೋಡದೆ ಬಿಟ್ಟರೆ ಪಾವತಿ ಬೀಳುವುದಿಲ್ಲ, ಕೆಲವು ದಿನದಲ್ಲಿ ಸಾಫ್ಟ್‌ವೇರ್ ನಿಲ್ಲುತ್ತದೆ. ಮಳೆಗಾಲದಲ್ಲಿ ನೆಟ್ ಹೋದರೆ ಹೆದರಬೇಕಿಲ್ಲ. ವಾರ್ಷಿಕ ಚಂದಾದಾರರಿಗೆ 99 ದಿನ ಆಫ್‌ಲೈನ್ ಅವಕಾಶವಿದೆ, ತಿಂಗಳಿನವರಿಗೆ 30.

ಚಂದಾ ನಿಲ್ಲಿಸಿದರೆ ಕಂಪ್ಯೂಟರಿನಲ್ಲಿರುವ ಫೈಲ್ ಎಲ್ಲಿಯೂ ಹೋಗುವುದಿಲ್ಲ. ಹೋಗುವುದು ಅಡೋಬಿ ಫಾಂಟ್ಸ್‌ನಿಂದ ಎಳೆದ ಅಕ್ಷರಗಳು. ಆಮೇಲೆ ಅದೇ ಫೈಲ್ ತೆರೆದರೆ ಫಾಂಟ್ ಕಾಣೆ. ನಂಬರಿನಿಂದ ಗುರುತಿಸುವ ಸಿದ್ಧ ಅಚ್ಚುಬಣ್ಣಗಳಾದ ಪ್ಯಾಂಟೋನ್‌ಗಳದ್ದೂ ಹೀಗೆಯೇ: 2022ರ ಕೊನೆಯಲ್ಲಿ ಹೆಚ್ಚಿನ ಪ್ಯಾಂಟೋನ್ ಪಟ್ಟಿಗಳನ್ನು ಅಡೋಬಿ ಕೈಬಿಟ್ಟಿತು, ಪ್ರತ್ಯೇಕ ಚಂದಾ ಇಲ್ಲದವರ ಹಳೆ ಫೋಟೋಶಾಪ್ ಫೈಲುಗಳಲ್ಲಿ ಆ ಬಣ್ಣ ಕಪ್ಪಾಗಿ ಕಂಡಿತು. ಬ್ಯಾಂಕ್, ಆಸ್ಪತ್ರೆಗಳ ಲೋಗೋ ಕೆಲಸ ಹಿಡಿಯುವವರು ಪ್ರತಿ ಲೋಗೋದ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳ ಪ್ರಮಾಣ) ಅಂಕಿಯನ್ನು ಪ್ರತ್ಯೇಕ ಬರೆದಿಟ್ಟುಕೊಳ್ಳುವುದು ಲೇಸು.

ಕನ್ನಡಕ್ಕೆ ಬಂದಾಗ ನಿಷ್ಠೆಯ ಬೇರು ಇನ್ನೂ ಆಳ. ಹಳೆ ನುಡಿ ಫಾಂಟಿನ ಕೆಲಸಗಳಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕೂತಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಲಸುಮೇಲೋಗರ. ಹೊಸ ಸಾಫ್ಟ್‌ವೇರಿಗೆ ಹೋಗಬೇಕಾದರೆ ಮೊದಲು ಪಠ್ಯವನ್ನು ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ನೋಡಬೇಕು. ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2 ಇವೆಲ್ಲ ಪುಕ್ಕಟೆ ಮತ್ತು ವ್ಯಾಪಾರಕ್ಕೂ ಮುಕ್ತ. ಇಲ್ಲಸ್ಟ್ರೇಟರ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ರಿಫರೆನ್ಸಸ್, ಟೈಪ್‌ಗೆ ಹೋಗಿ ಶೋ ಇಂಡಿಕ್ ಆಪ್ಷನ್ಸ್ ಟಿಕ್ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಪುಸ್ತಕದ ಪುಟ ಕಟ್ಟುವ ಅಡೋಬಿಯ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್. ಕೋರಲ್‌ನಲ್ಲಿ ಒತ್ತಕ್ಷರ ಕೂರಿಸುವ ಓಪನ್‌ಟೈಪ್ ಬಂದದ್ದು ಎಕ್ಸ್6 ಆವೃತ್ತಿಯಿಂದ. ಅದಕ್ಕಿಂತ ಹಳೆಯದರಲ್ಲಿ ಯೂನಿಕೋಡ್ ಕನ್ನಡದ ಆಸೆ ಬೇಡ. ಅಡೋಬಿಯ ಹಳೆಗಾಲದ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಹಳೆ ಸ್ಮರಣಸಂಚಿಕೆಗಳು ಕಪಾಟಿನಲ್ಲಿದ್ದರೆ ಇನ್‌ಡಿಸೈನ್ ಸಿಎಸ್6 ಇರುವ ಒಂದು ಕಂಪ್ಯೂಟರನ್ನು ಬಿಸಾಡಬೇಡಿ. ಕ್ರಿಯೇಟಿವ್ ಕ್ಲೌಡ್‌ನ ಇನ್‌ಡಿಸೈನ್ ಆ ಫೈಲುಗಳನ್ನು ತೆರೆಯುವುದಿಲ್ಲ.

ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರ್ ಒಂದೇ ಸಲದ ಖರೀದಿ ಎಂಬ ಮಾತಿನ ಮೇಲೆಯೇ ಅಭಿಮಾನಿಗಳನ್ನು ಗಳಿಸಿತು. 2024ರ ಮಾರ್ಚ್‌ನಲ್ಲಿ ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಅದನ್ನು ಕೊಂಡಿತು, 2025ರ ಅಕ್ಟೋಬರ್ ಕೊನೆಗೆ ಹೊಸ ಅಫಿನಿಟಿ ಪುಕ್ಕಟೆಯಾಯಿತು. ಕ್ಯಾನ್ವಾ ಖಾತೆ ಬೇಕು, ಎಐ ಸೌಲಭ್ಯಕ್ಕೆ ಚಂದಾ. ಸಿಎಂವೈಕೆ ಚೆನ್ನಾಗಿದೆ, ವೇಗವೂ ಇದೆ. ಆದರೆ ಅಫಿನಿಟಿ 2ರವರೆಗೆ ಕನ್ನಡದ ಒತ್ತಕ್ಷರ ಸರಿ ಕೂರುತ್ತಿರಲಿಲ್ಲ. ಹೊಸದನ್ನು ಇಳಿಸಿಕೊಂಡವರು ಮೊದಲು "ರಾಷ್ಟ್ರೀಯ", "ಅರ್ಘ್ಯ", "ಸ್ತ್ರೀ" ಟೈಪ್ ಮಾಡಿ ನೋಡಿ, ಆಮೇಲೆ ಉಳಿದ ಮಾತು. ಪುಕ್ಕಟೆ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಇದರ ತದ್ವಿರುದ್ಧ: ಕನ್ನಡ ಅಚ್ಚುಕಟ್ಟು, ಬಣ್ಣ ಮಾತ್ರ ಆರ್‌ಜಿಬಿ, ಅಂದರೆ ಪರದೆಯದ್ದು. ಫ್ಲೆಕ್ಸ್‌ಗೆ ನಡೆದೀತು, ಆಫ್‌ಸೆಟ್‌ಗೆ ಕೊಟ್ಟರೆ ಕಪ್ಪು ಅಕ್ಷರ ನಾಲ್ಕು ಪ್ಲೇಟಿಗೂ ಹಂಚಿಹೋಗಿ ಅಂಚು ಮಸುಕಾಗುತ್ತದೆ. ಆ ಕೆಲಸಕ್ಕೆ ಪುಟ ಕಟ್ಟುವ ಪುಕ್ಕಟೆ ಸಾಫ್ಟ್‌ವೇರ್ ಸ್ಕ್ರೈಬಸ್ 1.6 ಇದೆ: ಕನ್ನಡವೂ ಸರಿ, ಸಿಎಂವೈಕೆ ಪಿಡಿಎಫ್ ಕೂಡ ಕೊಡುತ್ತದೆ. ರೂಪ ಮಾತ್ರ ಹಳೆಗಾಲದ್ದು, ಕಲಿಯುವಾಗ ತಾಳ್ಮೆ ಬೇಕು.

ನಮ್ಮ ಶಿಫಾರಸು: ಫ್ಲೆಕ್ಸ್ ಮತ್ತು ಆಮಂತ್ರಣದ ಅಂಗಡಿ ಕೋರಲ್ ಬಿಡಬೇಕಾಗಿಲ್ಲ, ಚಂದಾ ಬಿಡಬಹುದು. ಪುಸ್ತಕ, ಸ್ಮರಣಸಂಚಿಕೆ ಹೆಚ್ಚಿದ್ದರೆ ಇನ್‌ಡಿಸೈನ್ ಒಂದೇ ಆ್ಯಪ್‌ನ ಚಂದಾ ಸಾಕು, ಪೂರ್ತಿ ಕಟ್ಟು ಬೇಡ. ಹೊಸದಾಗಿ ಅಂಗಡಿ ತೆರೆಯುವವರು, ಹಳೆ ಫೈಲಿನ ಹೊರೆ ಇಲ್ಲದವರು, ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್‌ನಿಂದಲೇ ಶುರುಮಾಡಲಿ.

ಬದಲಾಯಿಸುವವರು ಹಳೆ ಚಂದಾ ಮುಗಿಯುವ ಒಂದು ತಿಂಗಳ ಮೊದಲೇ ಕೂರಬೇಕು. ಪ್ರತಿ ಖಾಯಂ ಗಿರಾಕಿಯ ಫೈಲನ್ನು ಎರಡು ಪಿಡಿಎಫ್ ಮಾಡಿ: ಅಕ್ಷರ ಕರ್ವ್ ಆದದ್ದೊಂದು, ಅಕ್ಷರ ತಿದ್ದಲು ಬರುವಂಥದ್ದೊಂದು. ಪಠ್ಯವನ್ನು ಯೂನಿಕೋಡ್‌ನಲ್ಲಿ ಬೇರೆ ಫೈಲಾಗಿ ಇಡಿ, ಯಾಕೆಂದರೆ ಪಿಡಿಎಫ್‌ನಿಂದ ತೆರೆದಾಗ ಸಾಲುಗಳು ತುಂಡುತುಂಡಾಗುತ್ತವೆ. ಕೋರಲ್‌ನ ಪವರ್‌ಕ್ಲಿಪ್ (ಆಕಾರದೊಳಗೆ ಚಿತ್ರ ಕೂರಿಸುವ ಚೌಕಟ್ಟು) ಒಳಗಿನ ಫೋಟೋಗಳನ್ನು ಹೊರತೆಗೆದು ಮೂಲ ಗಾತ್ರದಲ್ಲೇ ಉಳಿಸಿ. ನೆರಳು, ಪಾರದರ್ಶಕತೆ ಇದ್ದ ಕಡೆ ಹೊಸದರಲ್ಲಿ ಮತ್ತೆ ಹಾಕುವುದೇ ಬೇಗ. ಇದೆಲ್ಲ ಜುಲೈನ ಕೆಲಸ; ಮೇಳ ಹೊರಟ ಮೇಲೆ ಯಾರಿಗೂ ಸಾಧ್ಯವಿಲ್ಲ.