ಫ್ಯಾಟ್ ಮೆಟಬಾಲಿಸಂ ಡಬ್ಬಿ: ತೊಂಬತ್ತು ದಿನ ನುಂಗಿದ ಮೇಲೆ

ನನಗೆ 67 ವರ್ಷ. ತೂಕ 81 ಕೆಜಿ, ಅದರಲ್ಲಿ ಹೊಟ್ಟೆಯ ಪಾಲೇ ಜಾಸ್ತಿ. 'ಫ್ಯಾಟ್ ಮೆಟಬಾಲಿಸಂ' (ದೇಹ ಕೊಬ್ಬನ್ನು ಅರಗಿಸಿ ಬಳಸುವ ಕ್ರಿಯೆ) ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಈ ಪ್ರೊಬಯಾಟಿಕ್ (ಹೊಟ್ಟೆಗೆ ಒಳ್ಳೆಯದೆಂದು ನುಂಗುವ ಜೀವಂತ ಬ್ಯಾಕ್ಟೀರಿಯಾ) ಡಬ್ಬಿಯನ್ನು ಮಗಳು ತಂದುಕೊಟ್ಟಳು. ದಿನಕ್ಕೊಂದು ಕ್ಯಾಪ್ಸೂಲ್, ಒಂದು ದಿನವೂ ತಪ್ಪಿಸಿಲ್ಲ.

ಮೊದಲ ಹತ್ತು ದಿನ ಬರೀ ಹೊಟ್ಟೆ ಉಬ್ಬರ. ಆಮೇಲೆ ತಾನಾಗೇ ಇಳಿಯಿತು. ವರ್ಷಗಳಿಂದ ಕಾಡುತ್ತಿದ್ದ ಮಲಬದ್ಧತೆಯೂ ಕಡಿಮೆಯಾಯಿತು. ಬಚ್ಚಲಿಗೆ ಪೇಪರ್ ತೆಗೆದುಕೊಂಡು ಹೋದರೆ ಮೊದಲ ಪುಟ ಮುಗಿಯುವಷ್ಟರಲ್ಲಿ ಎದ್ದು ಬರುತ್ತೇನೆ. ಮೊದಲು ಕ್ರೀಡಾಪುಟದವರೆಗೂ ಓದಬೇಕಿತ್ತು.

ಕೊಬ್ಬಿನ ಕತೆ ಬೇರೆ. ತೂಕ ಈಗ 80.3. ಸೊಂಟ 104 ಸೆಂ.ಮೀ. ಇದ್ದದ್ದು 103. ಉಸಿರು ಬಿಗಿಹಿಡಿದರೆ ಅಷ್ಟು ಹೇಗೂ ಕಡಿಮೆಯಾಗುತ್ತೆ, ಅಲ್ವಾ? ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 196ರಿಂದ 188. ಇಷ್ಟು ಏರಿಳಿತ ಏನೂ ನುಂಗದಿದ್ದರೂ ಇರುತ್ತೆ ಅಂದರು ಡಾಕ್ಟರು.

ಹಾಗಂತ ಇದೆಲ್ಲ ಸುಮ್ನೆ ಬುರುಡೆ ಅನ್ನಲೂ ಆಗದು. ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು. ಕರುಳಿನ ಕೆಲವು ಬ್ಯಾಕ್ಟೀರಿಯಾ ಅದರ ಲವಣಗಳನ್ನೇ ಒಡೆದು ಬದಲಾಯಿಸುತ್ತವೆ, ಹಾಗಾಗಿ ಕೊಬ್ಬಿನ ಮೇಲೂ ಪರಿಣಾಮ ಇರಬಹುದು. ಜಪಾನಿನಲ್ಲಿ 87 ಜನರ ಮೇಲೆ 12 ವಾರ ನಡೆದ ಪರೀಕ್ಷೆಯೊಂದು 2010ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಗ್ಯಾಸೆರಿ ಎಸ್‌ಬಿಟಿ2055 ಎಂಬ ಬ್ಯಾಕ್ಟೀರಿಯಾ ಬೆರೆಸಿದ ಹುದುಗಿಸಿದ ಹಾಲು ಕುಡಿದವರಲ್ಲಿ ಹೊಟ್ಟೆಯೊಳಗಿನ ಕೊಬ್ಬು ಸರಾಸರಿ ಶೇ. 4.6ರಷ್ಟು ಕರಗಿತ್ತು. ಆದರೆ ಅದೇ ಬ್ಯಾಕ್ಟೀರಿಯಾದ ಹಾಲಿನ ಮೇಲೆ 2013ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಕುಡಿಯುವುದು ನಿಲ್ಲಿಸಿದ ನಾಲ್ಕೇ ವಾರಕ್ಕೆ ಆ ಲಾಭ ತಗ್ಗಿತು.

ಆ ಬ್ಯಾಕ್ಟೀರಿಯಾ ಹೆಸರಿನ ಬಾಲದಲ್ಲಿರುವ ನಂಬರು ನೋಡಿ, ಅದು ತಳಿಯ ಗುರುತು. ಒಂದೇ ಜಾತಿಯಲ್ಲೂ ಒಂದು ತಳಿ ಮಾಡುವ ಕೆಲಸ ಇನ್ನೊಂದು ಮಾಡಬೇಕೆಂದಿಲ್ಲ. ನನ್ನ ಡಬ್ಬಿಯನ್ನು ಕಿಟಕಿ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಓದಿದೆ. ಆರು ಜಾತಿಗಳ ಹೆಸರಿವೆ, ಒಂದಕ್ಕೂ ತಳಿಯ ನಂಬರಿಲ್ಲ. ಮುಂದೆ 'ಸಾವಿರ ಕೋಟಿ ಜೀವಾಣು' ಎಂಬ ಡಂಗುರ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ತಯಾರಾದ ಹೊತ್ತಿನಲ್ಲಿ'. ನನ್ನ ಹೊಟ್ಟೆ ಸೇರುವ ಹೊತ್ತಿಗೆ ಎಷ್ಟು ಬದುಕಿರುತ್ತವೆ ಅನ್ನುವುದನ್ನು ಎಲ್ಲೂ ಬರೆದಿಲ್ಲ. ಕೊಳ್ಳುವವರಿಗೆ ಬೇಕಾದದ್ದು ಎಕ್ಸ್‌ಪೈರಿ ದಿನದ ಲೆಕ್ಕ.

ಇನ್ನೊಂದು ಮಾತು. ಇವು ಜೀವ ಇರುವ ಸೂಕ್ಷ್ಮಾಣುಗಳು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಐದಕ್ಕೆ ಎರಡೂವರೆ ಅಂಕ. ಎರಡು ಅಂಕ ಬಚ್ಚಲಿನ ಲೆಕ್ಕಕ್ಕೆ. ಉಳಿದ ಅರ್ಧ ಮುಚ್ಚಳಕ್ಕೆ: ಗಂಟುನೋವಿನ ಬೆರಳಿಗೂ ಸಲೀಸಾಗಿ ತೆರೆಯುತ್ತೆ.